ಚಾವಣಿಗೆ ಬೇಕಿದ್ದ ಒಂದು ‘ಆಗಲ್ಲ’

ಪ್ರತಿ ಸೋಮವಾರ ಬೆಳಿಗ್ಗೆ ಚಾವಣಿ ಹಾಕುವ ಆ ಮನುಷ್ಯ ತನ್ನ ವಾಟ್ಸಾಪ್ ಸ್ಟೇಟಸ್ಸಿಗೆ ನಮ್ಮ ಮನೆಯ ಚಾವಣಿಯ ಫೋಟೋ ಹಾಕುತ್ತಾನೆ. ಕೆಳಗೆ ಎರಡು ಗುಲಾಬಿ, ಒಂದು ಜೋಡಿಸಿದ ಕೈ, ‘ಯಶಸ್ವಿಯಾಗಿ ಮುಗಿದ ಕೆಲಸ’ ಎಂಬ ಸಾಲು. ಬಿಸಿಲಿಗೆ ಇಟ್ಟಿಗೆ ಬಣ್ಣದ ಹಾಳೆಗಳು ಮಿಂಚುತ್ತಿವೆ. ಮೊದಮೊದಲು ಆ ಫೋಟೋದ ಮೂಲೆಯಲ್ಲಿ ಹಲ್ಲು ಕಿರಿದ ನನ್ನ ಅರ್ಧ ಮುಖವೂ ಇತ್ತು, ಅದು ಏನಾಯಿತೆಂದು ಆಮೇಲೆ ಹೇಳುತ್ತೇನೆ. ಈಗ ಹೇಳಬೇಕಾದದ್ದು ಇಷ್ಟೇ: ಆ ಚಾವಣಿ ಈಗ ಇಲ್ಲ. ಕಿತ್ತು, ಲಗೇಜ್ ಆಟೋಗೆ ತುಂಬಿ, ಕಳಿಸಿಯಾಗಿದೆ. ಸತ್ತವರ ಫೋಟೋಗೆ ಹಾರ ಹಾಕುವುದು ಗೊತ್ತಿತ್ತು. ಸತ್ತ ಚಾವಣಿಯ ಫೋಟೋ ತೋರಿಸಿ ಹೊಸ ಗಿರಾಕಿ ಹಿಡಿಯುವುದನ್ನು ಇವನಲ್ಲೇ ಕಂಡದ್ದು. ನೋಡುತ್ತೇನೆ, ಹಲ್ಲು ಕಡಿಯುತ್ತೇನೆ, ಆಮೇಲೆ ಅವನದೇ ದನಿಯಲ್ಲಿ ನನಗೆ ನಾನೇ ಹೇಳಿಕೊಳ್ಳುತ್ತೇನೆ: “ಬಿಡಿ ಸಾರ್, ಮಾಡ್ಬಿಡೋಣ.”

ದನಿ ತೆಗೆಯುವುದು ನನ್ನ ಕಸುಬು. ಮದುವೆ ಆರತಕ್ಷತೆಗಳಲ್ಲಿ ಮೈಕ್ ಹಿಡಿದು ಮಿಮಿಕ್ರಿ ಮಾಡುತ್ತೇನೆ. ಅದನ್ನು ನಾನು ಕೆಲಸ ಎನ್ನುತ್ತೇನೆ, ಅಪ್ಪ ಕೇಳಿದವರಿಗೆಲ್ಲ “ಮಗ ಇನ್ನೂ ಹುಡುಕ್ತಾ ಇದಾನೆ” ಎನ್ನುತ್ತಾರೆ. ಮೆಟ್ರೋ ಬಾಗಿಲು ಮುಚ್ಚುವ ಪ್ರಕಟಣೆ, ತರಕಾರಿ ಗಾಡಿಯ ಸ್ಪೀಕರ್, ನೆಂಟರ ಫೋನು ಬಂದಾಗ ಅಮ್ಮನಿಗೆ ಇದ್ದಕ್ಕಿದ್ದಂತೆ ಬರುವ ಕೆಮ್ಮು, ಎಲ್ಲವೂ ಬರುತ್ತದೆ. ನನ್ನ ಸ್ವಂತ ದನಿ ಹೇಗಿದೆ ಎಂದು ಕೇಳಬೇಡಿ, ಅದನ್ನು ಬಳಸಿ ಬಹಳ ಕಾಲವಾಯಿತು. ಮನೆಯಲ್ಲಿ ನನ್ನ ಕೈಗೆ ಸಿಗದ ದನಿ ಒಂದೇ, ಅಕ್ಕನದು. ಅವಳು ಎಷ್ಟು ಮೆಲ್ಲಗೆ ಮಾತಾಡುತ್ತಾಳೆಂದರೆ ಹಿಡಿದುಕೊಳ್ಳಲು ಒಂದು ತುದಿಯೇ ಸಿಗುವುದಿಲ್ಲ.

ಚಾವಣಿ ಬೇಕಾಗಿದ್ದು ಅವಳಿಗೆ. ಅಕ್ಕ ಮದುಮಗಳ ರೇಷ್ಮೆ ರವಿಕೆಗಳಿಗೆ ಆರಿ ವರ್ಕ್ ಮಾಡುತ್ತಾಳೆ. ಬಟ್ಟೆಯನ್ನು ಮರದ ಚೌಕಟ್ಟಿಗೆ ಬಿಗಿದು, ಕೊಕ್ಕೆಯಂಥ ಸೂಜಿಯಲ್ಲಿ ಜರಿ, ಮಣಿ, ಮುತ್ತು ಕೂರಿಸುವ ಕೆಲಸ. ವರ್ಷಗಟ್ಟಲೆ ಒಂದು ಬಟ್ಟೆ ಅಂಗಡಿಯ ನೆಲಮಾಳಿಗೆಯಲ್ಲಿ ಕುಳಿತು, ಬೇರೆಯವರ ಹೆಸರಿನ ಚೀಟಿ ಅಂಟುವ ರವಿಕೆಗಳಿಗೆ ನವಿಲು ಕೂರಿಸಿ ಕೂರಿಸಿ ಅವಳಿಗೆ ಸಾಕಾಗಿತ್ತು. ಗೋವಿಂದರಾಜನಗರದ ನಮ್ಮ ಮನೆಯ ತಾರಸಿ ಖಾಲಿ ಬಿದ್ದಿತ್ತು. ಅಲ್ಲಿ ಒಂದು ಚಾವಣಿ ಹಾಕಿಸಿ, ಗೋಡೆ ಕಟ್ಟಿಸಿ, ತನ್ನದೇ ಕ್ಲಾಸು ಶುರು ಮಾಡುತ್ತೇನೆಂದು ಅಂಗಡಿಗೆ ರಾಜೀನಾಮೆ ಕೊಟ್ಟು ಬಂದಳು. ಅಕ್ಷಯ ತೃತೀಯಕ್ಕೆ ಕ್ಲಾಸು ಆರಂಭ ಎಂದು ಬಡಾವಣೆಯ ಹುಡುಗಿಯರಿಗೆಲ್ಲ ಹೇಳಿದ್ದೂ ಆಯಿತು. ವಾಪಸ್ ಹೋಗಲು ಅಂಗಡಿಯ ಕುರ್ಚಿ ಉಳಿದಿರಲಿಲ್ಲ. ಮೊದಲ ದೊಡ್ಡ ಕೆಲಸವೂ ಬಂದಿತ್ತು: ಕುರುಬರಹಳ್ಳಿಯ ಒಂದು ಮದುವೆ, ಮದುಮಗಳ ಧಾರೆ ರವಿಕೆ.

ಸಾಮಾನ್ಯವಾಗಿ ನಮ್ಮ ಕಡೆ ತಾರಸಿಗೆ ತಗಡಿನ ಶೀಟು ಹೊದಿಸಿ ಕೈತೊಳೆದುಕೊಳ್ಳುತ್ತಾರೆ. ಆದರೆ ಶೀಟಿನ ಕೆಳಗೆ ಮಳೆ ಬಂದಾಗ ಕಿವಿಗೆ ಕೂಗಿದರೂ ಕೇಳುವುದಿಲ್ಲ, ಬೇಸಿಗೆಯಲ್ಲಿ ತಲೆ ಬೇಯುತ್ತದೆ. ಅಕ್ಕನ ಪಾಠವೆಲ್ಲ ಬಾಯಲ್ಲಿ. ಅದೂ ಆ ದನಿಯಲ್ಲಿ! ಮಾಗಡಿ ರಸ್ತೆಯ ಚಾವಣಿ ಸಾಮಾನಿನ ಅಂಗಡಿಯಾತ ಒಂದು ಶೀಟಿನ ತುಂಡಿನ ಮೇಲೆ ಬೆರಳಿನಿಂದ ತಮಟೆ ಬಾರಿಸಿ ತೋರಿಸಿದ. ಆಮೇಲೆ ಶಿಂಗಲ್ಸ್ ಎಂಬ ಹಾಳೆಯ ಮೇಲೆ ಅದೇ ಬೆರಳು ಬಾರಿಸಿದ. ಹಾಸಿಗೆ ಮೇಲೆ ಬಾರಿಸಿದ ಹಾಗೆ ಸದ್ದು ಸತ್ತುಹೋಯಿತು.

“ಇದೇ ಇರ್ಲಿ,” ಎಂದಳು ಅಕ್ಕ. ಅಂಗಡಿಯಾತ “ಏನಂದ್ರಿ ಮೇಡಮ್?” ಎಂದು ಎರಡು ಸಲ ಕೇಳಿದ.

ಶಿಂಗಲ್ಸ್ ಎಂದರೆ ದೊಡ್ಡ ವಿದ್ಯೆಯೇನಲ್ಲ. ಡಾಂಬರು ಹಿಡಿಸಿದ ದಪ್ಪ ಹಾಳೆ, ಮೇಲೆ ಬಣ್ಣದ ಕಲ್ಲುಪುಡಿ. ಕಬ್ಬಿಣದ ಚೌಕಟ್ಟಿನ ಮೇಲೆ ಸಿಮೆಂಟ್ ಹಲಗೆ ಹಾಕಿ, ಅದರ ಮೇಲೆ ಈ ಹಾಳೆಗಳನ್ನು ಮೀನಿನ ಹುರುಪೆಯಂತೆ ಒಂದರ ಮೇಲೊಂದು ಹೊದಿಸಿ ಮೊಳೆ ಹೊಡೆಯುತ್ತಾರೆ. ಆರಿಸುವ ದಿನ ಮಾತ್ರ ನಮ್ಮ ಮನೆಯವರು ಸೀರೆ ಅಂಗಡಿಗೆ ಹೋದವರಂತೆ ಕುಳಿತರು. ಅಮ್ಮ “ಇದು ಹಪ್ಪಳ ಇದ್ದಂಗಿದೆ, ಬೇರೆ ತೋರ್ಸಪ್ಪ” ಎಂದರು. ಅಪ್ಪ ಉಗುರಿನಿಂದ ಕೆರೆದು, ಉದುರಿದ ಪುಡಿಯನ್ನು ಅಂಗೈಯಲ್ಲಿಟ್ಟು, ಡಿಪೋದಲ್ಲಿ ಲೆಕ್ಕ ನೋಡಿ ನಿವೃತ್ತರಾದ ಕಣ್ಣಿನಿಂದ ಅದನ್ನು ದಿಟ್ಟಿಸಿದರು. ಹೆಚ್ಚು ಪುಡಿ ಉದುರದ, ಇಟ್ಟಿಗೆ ಬಣ್ಣದ ಒಂದು ಬಗೆ ಗೆದ್ದಿತು. ನಾನು ಹಸಿರು ಹೇಳಿದ್ದೆ. ನನ್ನನ್ನು ಕೇಳಿದ್ದವರು ಯಾರೂ ಇರಲಿಲ್ಲ.

“ಹಾಳೆ ಯಾವ್ದಾದ್ರೂ ಸರಿ, ಹಾಕೋನು ಮಾತ್ರ ಕಂಪನಿ ಸರ್ಟಿಫಿಕೇಟ್ ಇರೋನೇ ಆಗ್ಬೇಕು,” ಎಂದು ಅಪ್ಪ ಘೋಷಿಸಿದರು. ಈ ಒಂದು ಮಾತಿಗೆ ನಾನು ಅವರನ್ನು ಇವತ್ತಿಗೂ ಗೌರವಿಸುತ್ತೇನೆ. ಅದರ ಮುಂದಿನ ಮಾತುಗಳೆಲ್ಲ ಎಡವಟ್ಟು.

ಅಂಗಡಿಯಾತ ಸರ್ಟಿಫಿಕೇಟ್ ಇದ್ದ ಇಬ್ಬರ ನಂಬರ್ ಕೊಟ್ಟ. ಮೊದಲು ಬಂದದ್ದು ಒಬ್ಬ ಹೆಂಗಸು. ಕೆಂಗೇರಿಯಿಂದ ಸ್ಕೂಟರಿನಲ್ಲಿ ಬಂದರು. ನಲವತ್ತರ ಆಸುಪಾಸು, ಹೆಲ್ಮೆಟ್ಟು ತೆಗೆಯದೆಯೇ ಮೆಟ್ಟಿಲು ಹತ್ತಿದರು. ಅಮ್ಮ ಹಿಂದೆಯೇ ಓಡಿದರು.

“ಕಾಫಿ ತಗೊಳ್ಳಿ ಮೇಡಮ್.”

“ಬೇಡಮ್ಮ.”

“ಅರ್ಧ ಲೋಟ?”

“ಬೇಡಮ್ಮ.”

ಅಮ್ಮನ ಮುಖದಲ್ಲಿ ಹಾಲು ಒಡೆಯಿತು. ನಮ್ಮ ಮನೆಯಲ್ಲಿ ಕಾಫಿ ಬೇಡ ಎಂದವರು ಇಬ್ಬರೇ: ಗ್ಯಾಸ್ ಸಿಲಿಂಡರ್ ತರುವವನು, ಅವನಿಗೆ ಅವಸರ. ಇನ್ನೊಬ್ಬರು ಈಕೆ.

ಮೇಡಮ್ಮು ತಾರಸಿಯನ್ನು ಟೇಪಿನಿಂದ ಅಳೆದರು. ಉತ್ತರದ ಗೋಡೆಯ ಬಳಿ ನೀರಿನ ಟ್ಯಾಂಕು ಮತ್ತದರ ಪೈಪುಗಳು, ದಕ್ಷಿಣಕ್ಕೆ ರಸ್ತೆ, ರಸ್ತೆಯುದ್ದಕ್ಕೂ ಕರೆಂಟಿನ ತಂತಿ. “ಉತ್ತರದ ಕಡೆ ಟ್ಯಾಂಕಿನ ಮೇಲಿಂದ ಎತ್ತರ ಮಾಡಿ, ದಕ್ಷಿಣಕ್ಕೆ ಇಳಿಸ್ತೀನಿ. ನೀರು ರಸ್ತೆ ಮೋರಿಗೆ ಹೋಗುತ್ತೆ,” ಎಂದರು.

ಆಗ ಮಾಮ ಮೊಬೈಲಿನ ದಿಕ್ಸೂಚಿ ಎತ್ತಿ ಹಿಡಿದರು. ಮಾಮ ಎಂದರೆ ಅಮ್ಮನ ತಮ್ಮ. ವಾಸ್ತುವನ್ನು ಮೊಬೈಲ್ ವಿಡಿಯೋಗಳಲ್ಲಿ ಕಲಿತವರು. ಎಲ್ಲಿಗೆ ಹೋದರೂ ಮೊದಲು ಮೊಬೈಲನ್ನು ಮಲಗಿಸಿ ಉತ್ತರ ಯಾವ ಕಡೆ ಎಂದು ನೋಡುತ್ತಾರೆ, ಹೋಟೆಲಿನಲ್ಲಿ ದೋಸೆ ಬಂದಾಗಲೂ.

“ಉತ್ತರ ಎತ್ತರ, ದಕ್ಷಿಣ ತಗ್ಗು! ಪೂರ್ತಿ ಉಲ್ಟಾ ಅಲ್ವಾ ಮೇಡಮ್ ಇದು? ನೀರು ಈಶಾನ್ಯಕ್ಕೆ ಇಳೀಬೇಕು. ಹೆಣ್ಮಗಳು ಹೊಸದಾಗಿ ವ್ಯಾಪಾರ ಶುರು ಮಾಡ್ತಾ ಇದಾಳೆ.”

“ಆಗಲ್ಲ.”

“ಸ್ವಲ್ಪ ಅಡ್ಜಸ್ಟ್ ಮಾಡಿ...”

“ಆಗಲ್ಲ ಸಾರ್. ದಕ್ಷಿಣಕ್ಕೆ ಎತ್ತರ ಮಾಡಿದ್ರೆ ತಂತಿ ತಗಲುತ್ತೆ. ಉತ್ತರಕ್ಕೆ ತಗ್ಗಿಸಿದ್ರೆ ಟ್ಯಾಂಕ್ ಪೈಪು. ಮಧ್ಯದಲ್ಲಿ ಉಳಿಯೋ ಇಳಿಜಾರು ಸಾಲಲ್ಲ. ನೀರು ಬೇಗ ಇಳಿದ್ರೇನೇ ಶಿಂಗಲ್ಸು. ನಿಂತ್ರೆ ಹಾಳೆ ಸಂದಿಯಲ್ಲಿ ಹಿಂದಕ್ಕೆ ನುಗ್ಗುತ್ತೆ.”

ಅಪ್ಪ, ಅಂಚಿಗೆ ಮಾತ್ರ ಮನೆಯಲ್ಲಿ ಬಿದ್ದಿದ್ದ ಹಳೆ ತಗಡಿನ ಶೀಟನ್ನೇ ಬಳಸಬಹುದೇ ಎಂದರು. ಆಗಲ್ಲ. ನಾನು, ಚಾವಣಿ ಮೇಲೆ ಒಂದು ಸ್ಪೀಕರ್ ಕಂಬಿ ನೆಡಬಹುದೇ ಎಂದೆ. ಮೇಡಮ್ಮು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನನಗೆ ‘ಆಗಲ್ಲ’ ಎಂಬ ಮೂರಕ್ಷರವೂ ದಕ್ಕಲಿಲ್ಲ. ಸ್ಕೂಟರ್ ಹೊರಟಿತು.

ಆ ರಾತ್ರಿ ಊಟಕ್ಕೆ ಕುಳಿತಾಗ ಅಮ್ಮ “ಇನ್ನೊಂದು ಚಪಾತಿ ಹಾಕ್ಲೇನೋ?” ಎಂದರು. ನಾನು ಒಂದು ಪಾತ್ರೆಯನ್ನು ಹೆಲ್ಮೆಟ್ಟಿನಂತೆ ತಲೆಗೆ ಬೋರಲು ಹಾಕಿಕೊಂಡು, ಗಲ್ಲ ಎತ್ತಿ, “ಆಗಲ್ಲ” ಎಂದೆ. ಅಪ್ಪನ ಬಾಯಿಯ ಅನ್ನ ಮೂಗಿಗೆ ಹತ್ತಿತು. ಮಾಮ ತೊಡೆ ತಟ್ಟಿ ನಕ್ಕರು. ಅಲ್ಲಿಂದ ನಮ್ಮ ಮನೆಯಲ್ಲಿ ಯಾರು ಏನು ಕೇಳಿದರೂ ಉತ್ತರ ಅದೇ ಆಯಿತು. ನಗದವಳು ಅಕ್ಕ ಒಬ್ಬಳೇ. “ಅವ್ರು ಹೇಳಿದ್ದು ಅರ್ಥ ಆಗೋ ಹಂಗಿತ್ತಲ್ಲ,” ಎಂದಳು. ಕುಕ್ಕರಿನ ಸೀಟಿಯಲ್ಲಿ ಅದು ಮುಳುಗಿತು.

“ಸರ್ಟಿಫಿಕೇಟ್ ಇದ್ದ ಮಾತ್ರಕ್ಕೆ ಅಷ್ಟು ಜಂಬನಾ?” ಎಂದು ಅಮ್ಮ ತೀರ್ಪು ಕೊಟ್ಟರು. “ಒಂದು ಲೋಟ ಕಾಫಿ ಕುಡಿಯೋಕೆ ಆಗ್ದೋರು ನಮ್ಮನೆ ಕೆಲ್ಸ ಏನ್ ನೆಟ್ಟಗೆ ಮಾಡ್ತಾರೆ?”

ಎರಡನೆಯವನು ಬಂದ. ಹೊಸಿಲಿನಲ್ಲಿ ಚಪ್ಪಲಿ ಬಿಟ್ಟು, ದೇವರ ಮನೆಯ ಕಡೆ ತಿರುಗಿ ಕೈ ಮುಗಿದು, ಅಪ್ಪನನ್ನು “ಯಜಮಾನ್ರೇ” ಎಂದು, ಅಮ್ಮನನ್ನು “ಅಮ್ಮಾ” ಎಂದು, ನನ್ನನ್ನು “ಏನ್ ಗುರು” ಎಂದು ಒಳಗೆ ಬಂದ. ಕಾಫಿ ಕೊಟ್ಟರೆ ಕುಡಿದ. ಇನ್ನೊಂದು ಲೋಟ ಕೊಟ್ಟರೆ ಅದನ್ನೂ ಕುಡಿದು, “ಅಮ್ಮಾ, ಪುಡಿ ಎಲ್ಲಿ ತರ್ತೀರಾ?” ಎಂದು ಕೇಳಿದ. ಅಮ್ಮ ಅಲ್ಲಿಗೇ ಸೋತರು. ಮೊಬೈಲಿನಲ್ಲಿ ಸರ್ಟಿಫಿಕೇಟು ತೋರಿಸಿದ: ಕೋಟು ಹಾಕಿದ ಯಾರೋ ಒಬ್ಬರ ಕೈಯಿಂದ ಅದನ್ನು ತೆಗೆದುಕೊಳ್ಳುತ್ತಿರುವ ಚಿತ್ರ. ಅದು ಸುಳ್ಳಾಗಿರಲಿಲ್ಲ, ಇದನ್ನು ನೆನಪಿಟ್ಟುಕೊಳ್ಳಿ. ನನ್ನ ಹೊಟ್ಟೆ ಉರಿಯುವುದು ಅಲ್ಲೇ.

ಮಾಮ ದಿಕ್ಸೂಚಿ ಎತ್ತಿ ನೈಋತ್ಯ, ಈಶಾನ್ಯವೆಲ್ಲ ಹೇಳಿ ಮುಗಿಸಿದರು. ಅವನು ಒಂದು ಸಲ ತಂತಿಯನ್ನು ನೋಡಿದ. ಒಂದು ಸಲ ಟ್ಯಾಂಕನ್ನು ನೋಡಿದ. ಆ ನೋಟವನ್ನು ನಾನು ಕಣ್ಣಾರೆ ಕಂಡಿದ್ದೇನೆ, ಈಗಲೂ ಮಾಡಿ ತೋರಿಸಬಲ್ಲೆ: ಹುಬ್ಬು ಅರೆಕ್ಷಣ ಮೇಲೆ ಹೋಗಿ, ಅಪಾಯ ಅರ್ಥವಾಗಿ, ಮತ್ತೆ ಕೆಳಗಿಳಿಯಿತು. ಆಮೇಲೆ ಮೂಗಿನಿಂದ, ಚಿಟಿಕೆ ಹೊಡೆಯುತ್ತ:

“ಬಿಡಿ ಸಾರ್, ಮಾಡ್ಬಿಡೋಣ.”

“ಹಳೆ ಶೀಟು?” ಎಂದರು ಅಪ್ಪ.

“ಅಂಚಿಗೆ ತಾನೆ? ಹಾಕ್ಬಿಡೋಣ.”

“ನನ್ನ ಸ್ಪೀಕರ್ ಕಂಬಿ?” ಎಂದೆ ನಾನು.

“ನಿಂಗಿಲ್ದೆ ಇನ್ಯಾರಿಗೆ ಗುರು? ನೆಟ್ಬಿಡೋಣ!”

ನನಗೂ ಖುಷಿಯಾಯಿತು, ಸುಳ್ಳೇಕೆ? ಆ ಮನುಷ್ಯ ಇದ್ದಷ್ಟು ಹೊತ್ತು ನಾವೆಲ್ಲರೂ ಸರಿಯೆಂಬ ಭಾವ ಮನೆ ತುಂಬಿತ್ತು. ಅಕ್ಕ ಮಾತ್ರ ಬಾಗಿಲ ಬಳಿ ನಿಂತು, “ಮಳೆ ಬಂದ್ರೆ ನೀರು ನಿಲ್ಲಲ್ಲ ತಾನೆ?” ಎಂದಳು. ಅವನು “ಏನಂದ್ರಿ ಮೇಡಮ್?” ಎಂದ. ಅವಳು ಮತ್ತೆ ಹೇಳುವಷ್ಟರಲ್ಲಿ ಅಮ್ಮ ಮೂರನೇ ಲೋಟ ತಂದರು.

ಕೆಲಸ ಸೊಗಸಾಗಿಯೇ ನಡೆಯಿತು. ಹಾಳೆಗಳನ್ನು ನೂಲು ಹಿಡಿದಂತೆ ಸಾಲಾಗಿ ಕೂರಿಸಿದರು, ಮೊಳೆಗಳನ್ನು ಹೊಡೆಯಬೇಕಾದ ಜಾಗದಲ್ಲೇ ಹೊಡೆದರು. ಕೆಳಗೆ ನಿಂತು ನೋಡಿದರೆ ಚಾವಣಿ ಚಂದವೋ ಚಂದ. ಮಾಮ ಈಶಾನ್ಯದ ಮೂಲೆಯಲ್ಲಿ ಒಂದು ಚೊಂಬು ನೀರು ಸುರಿದು, ಅದು ನಿಧಾನವಾಗಿ, ಪಿಂಚಣಿ ತರಲು ಹೊರಟವರ ಹಾಗೆ, ಅಂಚಿನ ಕಡೆ ಹೋಗುವುದನ್ನು ನೋಡಿ ಕಣ್ಣು ತುಂಬಿಕೊಂಡರು. ಆಗ ತೆಗೆದದ್ದೇ ಆ ಫೋಟೋ. ನನ್ನ ಅರ್ಧ ಮುಖ, ಪೂರ್ತಿ ಹಲ್ಲು.

ಗೋಡೆ ಎದ್ದಿತು, ಕಸೂತಿಯ ಚೌಕಟ್ಟುಗಳು ಬಂದವು. ಅಕ್ಷಯ ತೃತೀಯಕ್ಕೆ ಇನ್ನೂ ಸ್ವಲ್ಪ ದಿನವಿತ್ತು. ಅಕ್ಕ ಕುರುಬರಹಳ್ಳಿಯ ರವಿಕೆಯ ರೇಷ್ಮೆಯನ್ನು ಮೇಲೇ ಬಿಗಿದು, ಬೆನ್ನಿನ ಭಾಗಕ್ಕೆ ಬಳ್ಳಿ ಹೊಲಿಯುತ್ತಿದ್ದಳು. ಅವತ್ತು ಸಂಜೆ ವಿಜಯನಗರದ ಕಡೆಯಿಂದ ಮೋಡ ಕಟ್ಟಿಕೊಂಡು ಬಂತು. ನಮ್ಮೂರ ಬೇಸಿಗೆ ಮಳೆ ಗೊತ್ತಲ್ಲ, ಮೊದಲು ಧೂಳು, ಆಮೇಲೆ ಆಲಿಕಲ್ಲು, ಆಮೇಲೆ ಕರೆಂಟು ಹೋಗುವುದು. ನಾವೆಲ್ಲ ಮೇಲಕ್ಕೆ ಓಡಿದೆವು, ಸೋರುತ್ತದೆಂದಲ್ಲ, ಹೊಸ ಚಾವಣಿಯಡಿ ಮಳೆಯ ಸದ್ದು ಎಷ್ಟು ಕಡಿಮೆ ಎಂದು ಕೇಳಿ ಸಂತೋಷಪಡಲು. ಕಡಿಮೆಯೇ ಇತ್ತು. ಅಪ್ಪ “ಕೇಳಿಸ್ತಾ? ಏನೂ ಕೇಳಿಸ್ತಾ ಇಲ್ಲ!” ಎಂದರು. ಆ ನಿಶ್ಶಬ್ದದಲ್ಲಿ ‘ಟಪ್’ ಎಂದು ಒಂದು ಸದ್ದು ಬಹಳ ಸ್ಪಷ್ಟವಾಗಿ ಕೇಳಿಸಿತು.

ಆಮೇಲೆ ಇನ್ನೊಂದು. ಆಮೇಲೆ ಹಲಗೆಯ ಸಂದುಗಳಲ್ಲಿ ಸಾಲಾಗಿ. ಮೇಲೆ ನೀರು ಇಳಿಯದೆ ನಿಂತು, ಹಾಳೆಗಳಡಿ ಹಿಂದಕ್ಕೆ ನುಗ್ಗಿ, ದಾರಿ ಹುಡುಕಿಕೊಂಡು ಒಳಗೆ ಬಂದಿತ್ತು. ಆ ಮೇಡಮ್ಮು ಹೇಳಿದ ಹಾಗೆಯೇ, ಒಂದಕ್ಷರ ಹೆಚ್ಚುಕಡಿಮೆಯಿಲ್ಲದೆ.

ಅಕ್ಕ ಕಿರುಚಲಿಲ್ಲ. ಚೌಕಟ್ಟಿನ ಮೇಲೆ ತಾನೇ ಬಗ್ಗಿ, ಬೆನ್ನೊಡ್ಡಿ ನಿಂತಳು. ಹನಿ ಅವಳ ಬೆನ್ನಿಗೆ ಬೀಳುತ್ತಿತ್ತು. “ಕತ್ತರಿ ಕೊಡೋ,” ಎಂದಳು. ಬಿಗಿದ ದಾರ ಕತ್ತರಿಸಿ ರೇಷ್ಮೆಯನ್ನು ಬಿಡಿಸುವಷ್ಟರಲ್ಲಿ ಮೊದಲ ಮಹಡಿಯ ಬಾಡಿಗೆಯ ಹುಡುಗ ಮೇಲೆ ಬಂದ. ಬಾಗಲಕೋಟೆ ಕಡೆಯವನು, ಊಟದ ಡೆಲಿವರಿ ಮಾಡುತ್ತಾನೆ. ಬೆನ್ನಿಗೆ ಆ ದೊಡ್ಡ ಚೌಕದ ಚೀಲ ಇನ್ನೂ ಇತ್ತು.

“ಅಯ್ಯ, ಮಳಿ ಒಳಗ ಬಂದೈತಲ್ರೀ ಅಕ್ಕಾರ!” ಎಂದವನೇ ಚೀಲ ಬಿಚ್ಚಿ ಬಾಯಿ ತೆರೆದ. “ಇದ್ರಾಗ ಇಡ್ರಿ. ಒಂದ್ ಹನಿ ಹೋಗಂಗಿಲ್ಲ. ಬಿಸಿ ಸುದ್ದಾ ಇರ್ತೈತಿ.”

ಮದುಮಗಳ ರೇಷ್ಮೆ ಬಿರಿಯಾನಿ ಚೀಲದಲ್ಲಿ ಕೆಳಗಿಳಿಯಿತು. ಬೆನ್ನಿನ ಭಾಗದಲ್ಲಿ ಒಂದು ಹನಿಯ ಕಲೆ ಮಾತ್ರ ಉಳಿದಿತ್ತು. ಕಲೆ ಬಿದ್ದ ಜಾಗಕ್ಕೆ ಅಕ್ಕ, ಯಾರೂ ಕೇಳಿರದ ಒಂದು ಗಿಣಿಯನ್ನು ಕೂರಿಸಿ ಮುಚ್ಚಿದಳು. ಗಿಣಿಯನ್ನು ಮದುಮಗಳ ಮನೆಯವರು ಮೆಚ್ಚಿದರು. ಬಿರಿಯಾನಿ ವಾಸನೆಯ ಬಗ್ಗೆ ಅಕ್ಕ ಏನು ಹೇಳಿದಳೋ ನನಗೆ ಕೇಳಿಸಲಿಲ್ಲ.

ಮಾರನೆಯ ದಿನ ಅವನು ಬಂದ. ಮತ್ತೆ ಚಪ್ಪಲಿ ಬಿಟ್ಟ, ಮತ್ತೆ ದೇವರ ಮನೆಗೆ ಕೈ ಮುಗಿದ. ಮೇಲೆ ಹತ್ತಿ, ಒದ್ದೆ ಹಲಗೆ ನೋಡಿ, “ಛೆ ಛೆ” ಎಂದ. ನಾನು ಅಷ್ಟರಲ್ಲಿ ಶಿಂಗಲ್ಸ್ ಕಂಪನಿಗೆ ಫೋನು ಮಾಡಿದ್ದೆ. ಅಲ್ಲಿನ ಹುಡುಗಿ ಬಹಳ ಮರ್ಯಾದೆಯಿಂದ ಇಳಿಜಾರು ಎಷ್ಟೆಂದು ಕೇಳಿದಳು. ಮೊಬೈಲನ್ನು ಚಾವಣಿಯ ಮೇಲಿಟ್ಟು ಕೋನ ನೋಡಿ ಹೇಳಿದೆ. “ಸಾರ್, ನೀವು ಮೊಬೈಲ್ ನೆಲದ ಮೇಲಿಟ್ಟಿಲ್ಲ ತಾನೆ?” ಎಂದಳು. ಇಷ್ಟು ಚಪ್ಪಟೆ ಚಾವಣಿಗೆ ವಾರಂಟಿ ಇಲ್ಲವಂತೆ. ಇದು ತರಬೇತಿಯ ಮೊದಲ ಪಾಠವಂತೆ.

ಅದನ್ನೇ ಅವನ ಮುಖಕ್ಕೆ ಹೇಳಿದೆ. “ಮೊದಲ್ನೇ ಪಾಠ ಅಂತೆ. ನಿಮಗೆ ಗೊತ್ತಿರ್ಲಿಲ್ವಾ?”

“ಗೊತ್ತಿತ್ತು ಗುರು,” ಎಂದ.

ಅವನು ಗೊತ್ತಿರಲಿಲ್ಲ ಎನ್ನುತ್ತಾನೆ, ನಾನು ಬಯ್ಯುತ್ತೇನೆ, ಹೀಗೆಂದು ಬೆಳಿಗ್ಗೆಯಿಂದ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದೆ. ಎಲ್ಲ ಹಾಳಾಯಿತು.

“ಗೊತ್ತಿದ್ದೂ ಯಾಕ್ರೀ ಮಾಡಿದ್ರಿ?” ಎಂದರು ಅಪ್ಪ.

“ಯಜಮಾನ್ರೇ, ನೀವು ಅಷ್ಟು ಪ್ರೀತಿಯಿಂದ ಕೇಳಿದ್ರಿ. ಅಮ್ಮ ಮೂರ್ ಮೂರ್ ಸಲ ಕಾಫಿ ಕೊಟ್ರು. ಕಾಫಿ ಕುಡಿದ ಮನೇಲಿ ಕೂತ್ಕೊಂಡು ಆಗಲ್ಲ ಅನ್ನಕ್ಕೆ ಬಾಯಿ ಬರುತ್ತಾ? ನಾನೇನ್ ಮನುಷ್ಯ ಅಲ್ವಾ?”

ಅವನ ಮುಂದೆಯೇ, ಅವನ ಮೂಗಿನಿಂದ, ಅವನ ಚಿಟಿಕೆ ಹೊಡೆದು, ಆವತ್ತಿನ ಇಡೀ ಮಾತುಕತೆಯನ್ನು ಆಡಿ ತೋರಿಸಿದೆ. ತಂತಿ ನೋಡಿದ್ದು, ಟ್ಯಾಂಕು ನೋಡಿದ್ದು, ಹುಬ್ಬು ಏರಿದ್ದು, ಇಳಿದದ್ದು, “ಬಿಡಿ ಸಾರ್, ಮಾಡ್ಬಿಡೋಣ”. ನನ್ನ ಜೀವಮಾನದ ಅತ್ಯುತ್ತಮ ಮಿಮಿಕ್ರಿ. ಅದನ್ನು ನೋಡಿ ಅವನು ಏನು ಮಾಡಬೇಕಿತ್ತು? ನಾಚಬೇಕಿತ್ತು. ಅವನು ಚಪ್ಪಾಳೆ ತಟ್ಟಿದ. “ಸೂಪರ್ ಗುರು! ನನ್ ಮಗಳ ನಾಮಕರಣಕ್ಕೆ ಬರ್ತೀಯಾ?”

ಸರಿ ಮಾಡಿಕೊಡಿ ಎಂದದ್ದಕ್ಕೂ ಅವನ ಉತ್ತರ ಗೊತ್ತೇ ಇದೆ. “ಮಾಡ್ಬಿಡೋಣ.” ಸಂದುಗಳಿಗೆ ಏನೋ ಕಪ್ಪು ಅಂಟು ಬಳಿಸಿದ. ಮುಂದಿನ ಮಳೆಗೆ ಕಪ್ಪು ಹನಿ ಬಿತ್ತು. ಆಮೇಲೆ ಫೋನು ಎತ್ತುವುದನ್ನು ನಿಲ್ಲಿಸಿದ. ಎತ್ತಿದರೆ ಆಗಲ್ಲ ಎನ್ನಬೇಕಾಗುತ್ತಿತ್ತಲ್ಲ.

ಯೋಚಿಸಿ ನೋಡಿ. ಸರ್ಟಿಫಿಕೇಟಿನವನೇ ಬೇಕು ಎಂದು ನಾವು ಹಠ ಹಿಡಿದದ್ದು ಯಾಕೆ? ಮೊಳೆ ಹೊಡೆಯಲು ಯಾರಿಗಾದರೂ ಬರುತ್ತದೆ. ನಮಗೆ ತಿಳಿಯದ್ದನ್ನು ನಾವು ಕೇಳಿದಾಗ ಬೇಡ ಎನ್ನಲಿ ಎಂದು ತಾನೆ? ಆ ಒಂದು ಮಾತಿಗಾಗಿ ಕಲಿತವನು ಅದನ್ನು ಕಾಫಿಯ ಜೊತೆ ನುಂಗಿಬಿಟ್ಟ. ಕಲಿಯದವನು ಮಾಡಿದ್ದರೆ ಕ್ಷಮಿಸಬಹುದಿತ್ತು. ಇವನು ಬಲ್ಲವನು. ಬಲ್ಲವನು ಒಳ್ಳೆಯವನಾಗಿ ಕಾಣಿಸಿಕೊಳ್ಳಲು ಹೊರಟರೆ ಅಕ್ಕನ ಬೆನ್ನು ನೆನೆಯುತ್ತದೆ.

ಅಕ್ಷಯ ತೃತೀಯ ಬಂತು, ಹೋಯಿತು. ಕ್ಲಾಸಿಗೆ ಸೇರುತ್ತೇವೆಂದ ಹುಡುಗಿಯರು ಬಂದು, ಬಕೆಟ್ಟುಗಳ ನಡುವೆ ನಿಂತು, “ಪರ್ವಾಗಿಲ್ಲ ಅಕ್ಕ, ಆಮೇಲೆ ಬರ್ತೀವಿ” ಎಂದು ಇಳಿದು ಹೋದರು. ಬಟ್ಟೆ ಅಂಗಡಿಯ ಮಾಲೀಕ ಅವಳ ಹಳೇ ಕುರ್ಚಿಗೆ ಬೇರೆಯವರನ್ನು ತಂದಿದ್ದಾನೆಂದು ಸುದ್ದಿ ಬಂತು. ಅಮ್ಮ “ಸದ್ಯಕ್ಕೆ ಹಾಲ್‌ನಲ್ಲೇ ಕೂತು ಮಾಡು” ಎಂದರು. ಅಪ್ಪ “ಮಳೆಗಾಲ ಮುಗೀಲಿ, ನೋಡೋಣ” ಎಂದರು. ಅಕ್ಕ ಚೌಕಟ್ಟಿನ ಮರ ಒರೆಸುತ್ತಿದ್ದಳು. ಮರ ಉಬ್ಬಿತ್ತು.

ಒಂದು ಬೆಳಿಗ್ಗೆ ಸ್ಕೂಟರಿನ ಸದ್ದು ಕೇಳಿ ಹೊರಗೆ ಬಂದೆ. ಹೆಲ್ಮೆಟ್ಟು ಮೆಟ್ಟಿಲು ಹತ್ತುತ್ತಿತ್ತು. ಯಾರು ಕರೆದದ್ದು? ಅಪ್ಪನಲ್ಲ, ಅಮ್ಮನಂತೂ ಅಲ್ಲ. ಅಕ್ಕ, ಯಾರಿಗೂ ಹೇಳದೆ.

ಅಮ್ಮ ಅಭ್ಯಾಸಬಲದಿಂದ “ಕಾಫಿ...” ಎಂದು ಅರ್ಧಕ್ಕೆ ನಿಂತರು.

“ಬೇಡಮ್ಮ,” ಎಂದು ಮೇಡಮ್ಮು ಈ ಸಲ ನಿಂತು ಹೇಳಿದರು, “ಬೇಜಾರ್ ಮಾಡ್ಕೋಬೇಡಿ. ಕೆಲಸ ನೋಡೋಕ್ ಬಂದ ಕಡೆ ನಾನು ಕಾಫಿ ಕುಡಿಯಲ್ಲ. ಕುಡಿದ್ರೆ ದಾಕ್ಷಿಣ್ಯ ಬರುತ್ತೆ. ದಾಕ್ಷಿಣ್ಯಕ್ಕೆ ಹಾಕಿದ ಚಾವಣಿ ಎಷ್ಟ್ ಬಿಚ್ಚಿದೀನೋ ಲೆಕ್ಕ ಇಲ್ಲ.”

ಮೇಲೆ ಹೋಗಿ ಎಲ್ಲ ನೋಡಿದರು. ‘ನಾನು ಅವತ್ತೇ ಹೇಳಿದ್ದೆ’ ಎನ್ನುತ್ತಾರೆಂದು ಕಾದೆ, ಆ ದನಿಯನ್ನೂ ಸಿದ್ಧಮಾಡಿಕೊಂಡಿದ್ದೆ. ಅವರು ಅನ್ನಲಿಲ್ಲ. “ಹಲಗೆ ಅರ್ಧ ಉಳಿಯುತ್ತೆ. ಹಾಳೆ ಉಳಿಯಲ್ಲ. ಉತ್ತರದ ಕಡೆ ಕಬ್ಬಿಣ ಎತ್ತರಿಸಿ, ಇಳಿಜಾರು ದಕ್ಷಿಣಕ್ಕೆ ತಿರುಗಿಸ್ಬೇಕು,” ಎಂದರು.

ಮಾಮನಿಗೆ ಯಾರು ಸುದ್ದಿ ಕೊಟ್ಟರೋ, ಏದುಸಿರು ಬಿಡುತ್ತ ಬಂದರು, ಕೈಯಲ್ಲಿ ಮೊಬೈಲು. “ನೋಡು ಪುಟ್ಟಿ, ಸೋರಿದ್ದು ಅವ್ನ ಕೆಲಸ ಸರಿ ಇಲ್ದೆ. ದಿಕ್ಕಿಂದಲ್ಲ. ಇವ್ರೂ ಸರ್ಟಿಫಿಕೇಟ್ ಇರೋರು. ಈಶಾನ್ಯಕ್ಕೇ ಇರ್ಲಿ, ಇನ್ನೊಂದ್ ಸ್ವಲ್ಪ ಇಳಿಜಾರು ಕೊಡ್ಲಿ ಅಷ್ಟೆ. ನಿನ್ನ ಒಳ್ಳೇದಕ್ಕೆ ತಾನೆ ಹೇಳೋದು?”

ಮೇಡಮ್ಮು ಬಾಯಿ ತೆರೆದರು. ಅಷ್ಟರಲ್ಲಿ ಅಕ್ಕ,

“ಆಗಲ್ಲ ಮಾಮ,” ಎಂದಳು.

ಗಲ್ಲ ಎತ್ತಲಿಲ್ಲ, ಪಾತ್ರೆ ಬೋರಲು ಹಾಕಿಕೊಳ್ಳಲಿಲ್ಲ. ಅದೇ ಮೆಲುದನಿ. ಆದರೆ ಪಕ್ಕದ ಮನೆಯ ಮಹಡಿಯಲ್ಲಿ ಬಟ್ಟೆ ಹರವುತ್ತಿದ್ದ ಆಂಟಿ ಕೂಡ ಕ್ಲಿಪ್ಪು ಹಿಡಿದು ನಿಂತರು. ಮಾಮ ನನ್ನತ್ತ ನೋಡಿದರು, ನಾನು ತಮಾಷೆ ಮಾಡಿ ಮಾತು ತೇಲಿಸುತ್ತೇನೆಂದು. ನನಗೆ ಯಾರ ದನಿಯೂ ಬರಲಿಲ್ಲ.

“ಇಲ್ಲಿ ಕೂತ್ಕೊಳ್ಳೋಳು ನಾನು ಮಾಮ. ಬಟ್ಟೆ ನಂದು. ಅದು ನೆನೀಬಾರ್ದು. ನೀರು ಎಲ್ಲಿಗ್ ಬೇಕಾದ್ರೂ ಹೋಗ್ಲಿ, ಹೊರಗೆ ಹೋಗ್ಲಿ.”

ಮಾಮ ಮೊಬೈಲನ್ನು ಜೇಬಿಗೆ ಹಾಕಿಕೊಂಡರು. ಅಪ್ಪ ಕೆಮ್ಮಿದರು. “ಹಂಗಾದ್ರೆ ಆ ಸ್ಪೀಕರ್ ಕಂಬಿ ಮಾತ್ರ...” ಎಂದು ನಾನು ಶುರುಮಾಡಿದೆ. ಇಬ್ಬರು ಹೆಂಗಸರೂ ಒಟ್ಟಿಗೆ ತಿರುಗಿ ನೋಡಿದರು. ಕಂಬಿ ಈಗ ಅಟ್ಟದಲ್ಲಿದೆ.

ಹೊಸ ಚಾವಣಿ ದಕ್ಷಿಣಕ್ಕೆ, ಜಾರುಬಂಡೆಯ ಹಾಗೆ ಇಳಿಯುತ್ತದೆ. ಮುಗಿದ ದಿನ ಮೇಡಮ್ಮು ತಾವೇ ಪೈಪು ಹಿಡಿದು ಮೇಲಿಂದ ನೀರು ಬಿಟ್ಟರು. ನಾವು ಒಳಗೆ ಕತ್ತೆತ್ತಿ ಕಾದೆವು, ಕೊರಳು ನೋಯುವವರೆಗೆ. ಹನಿ ಬೀಳಲಿಲ್ಲ. ಕೆಳಗಿಳಿದು ಮೊದಲ ಸಲ ಹೆಲ್ಮೆಟ್ಟು ತೆಗೆದು, ಸೋಫಾದ ಮೇಲೆ ಕುಳಿತು, “ಈಗ ಕೊಡಿ ಅಮ್ಮ ಕಾಫಿ,” ಎಂದರು. ಅಮ್ಮ ಓಡಿದರು. ಒಂದು ಗುಟುಕು ಕುಡಿದು ಮೇಡಮ್ಮು ಹೇಳಿದರು: “ಸಕ್ಕರೆ ಜಾಸ್ತಿ.”

“ಕೇಳ್ದ್ಯಾ!” ಎಂದು ಅಮ್ಮ ಅಡುಗೆಮನೆಯಲ್ಲಿ ನನ್ನ ತೋಳು ಚಿವುಟಿದರು. ಆದರೂ ಸಕ್ಕರೆ ಕಡಿಮೆ ಹಾಕಿ ಇನ್ನೊಂದು ಲೋಟ ಮಾಡಿದರು.

ಕ್ಲಾಸು ಶುರುವಾದ ದಿನವೇ ಮಳೆ ಬಂತು. ಮಾಮ ಬಂದಿದ್ದರು, ರಸ್ತೆಯ ಕಡೆ ಸುರಿಯುತ್ತಿದ್ದ ನೀರಿಗೆ ಬೆನ್ನು ಹಾಕಿ, ಈಶಾನ್ಯಕ್ಕೆ ಮುಖ ಮಾಡಿ ಕುರ್ಚಿ ಹಾಕಿಕೊಂಡು ಕೇಸರಿಬಾತು ತಿಂದರು. ಒಳಗೆ ಅಕ್ಕ ಪಾಠ ಹೇಳುತ್ತಿದ್ದಳು. “ದಾರ ಕೆಳಗಿಂದ ಹಿಡ್ಕೊಳ್ಳಿ, ಎಳೀಬೇಡಿ, ಅದೇ ಬರುತ್ತೆ.” ಕೊನೆಯ ಸಾಲಿನ ಹುಡುಗಿಗೂ ಕೇಳಿಸಿತು. ಮೆಟ್ಟಿಲ ಮೇಲೆ ಕುಳಿತಿದ್ದ ನನಗೂ.

ಆ ಕೊನೆಯ ಸಾಲಿನ ಹುಡುಗಿಯೇ ಒಂದು ದಿನ ಹೇಳಿದಳು: “ಅಕ್ಕ, ನಮ್ಮಪ್ಪ ಒಬ್ರ ಸ್ಟೇಟಸ್ಸಲ್ಲಿ ನಿಮ್ಮನೆ ಚಾವಣಿ ನೋಡಿದ್ರಂತೆ. ತುಂಬ ಚೆನ್ನಾಗಿದೆ, ಅವ್ರನ್ನೇ ನಮ್ಮನೆಗೂ ಕರ್ಸ್ತಾ ಇದಾರೆ.”

ಅಕ್ಕ ಆ ಹುಡುಗಿಯ ಅಪ್ಪನಿಗೆ ಫೋನು ಮಾಡಿ ತಡೆದಳು. ಮೆಲ್ಲಗೆ ಮಾತಾಡಿದ್ದು ಕೇಳಿಸಲಿಲ್ಲವೆಂದು ಅವರು ಮತ್ತೆ ಕೇಳಿದರಂತೆ. ಮತ್ತೆ ಹೇಳಿದಳಂತೆ. ನಾನು ಆ ಮನುಷ್ಯನಿಗೆ ಬರೆದೆ: ಆ ಚಾವಣಿ ಸೋರಿತು, ಕಿತ್ತಾಯಿತು, ಸ್ಟೇಟಸ್ಸಿನಿಂದ ಫೋಟೋ ತೆಗೆಯಿರಿ. ಫೋನೆತ್ತದವನು ಇದಕ್ಕೆ ತಕ್ಷಣ ಉತ್ತರ ಕೊಟ್ಟ. ಜೋಡಿಸಿದ ಕೈ, ಒಂದು ಗುಲಾಬಿ. “ಖಂಡಿತ ಗುರು. ತೆಗೆದ್ಬಿಡೋಣ.”

ಸೋಮವಾರ ಫೋಟೋ ಮತ್ತೆ ಬಂತು. ತೆಗೆದಿದ್ದ, ಮಾತಿಗೆ ತಪ್ಪಿರಲಿಲ್ಲ. ಮೂಲೆಯಲ್ಲಿದ್ದ ನನ್ನ ಅರ್ಧ ಮುಖವನ್ನು.